ಕಬ್ಬನ್ ಪಾರ್ಕೋ ಲಾಲ್‌ಬಾಗೋ: ಬೆಂಗಳೂರಿನಲ್ಲಿ ಅರ್ಧ ದಿನ ಇದ್ದರೆ

ವಿಧಾನಸೌಧವನ್ನೂ ನೋಡಬೇಕೆಂದಿದ್ದರೆ ಕಬ್ಬನ್ ಪಾರ್ಕೇ ಸರಿ. ಹೆಚ್ಚಿನವರು ಎಡವುವುದು ಮೆಟ್ರೋದಲ್ಲಿ. ಹೆಸರು ನೋಡಿ ನೇರಳೆ ಮಾರ್ಗದ 'ಕಬ್ಬನ್ ಪಾರ್ಕ್' ನಿಲ್ದಾಣದಲ್ಲಿ ಇಳಿದರೆ ಚಿನ್ನಸ್ವಾಮಿ ಕ್ರೀಡಾಂಗಣದ ಬದಿಗೆ ಬರುತ್ತೀರಿ. ವಿಧಾನಸೌಧಕ್ಕೂ ಅದರ ಎದುರಿನ ಕೆಂಪು ಬಣ್ಣದ ಅಠಾರಾ ಕಚೇರಿಗೂ (ಈಗಿನ ಹೈಕೋರ್ಟ್) ಹತ್ತಿರದ್ದು ಪಕ್ಕದ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ. ಅಲ್ಲಿಂದ ಅಠಾರಾ ಕಚೇರಿಯ ಹಿಂಬದಿಯ ಪಾರ್ಕಿಗೆ ನಡೆದು, ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ ನೋಡಿಕೊಂಡು, ಬಿದಿರು ಮೆಳೆಗಳ ನೆರಳಲ್ಲಿ ಕೂರಬಹುದು. ಪ್ರವೇಶ ಶುಲ್ಕವಿಲ್ಲ. 1870ರ ಈ ಉದ್ಯಾನದ ನಡುವೆಯೇ ರಸ್ತೆಗಳಿವೆ. ವಾರದ ದಿನ ವಾಹನಗಳ ಸದ್ದು ತಪ್ಪದು. ಆದ್ದರಿಂದ ಒಳಗೆ ಸಂಚಾರ ನಿಲ್ಲಿಸುವ ಭಾನುವಾರವೇ ಒಳ್ಳೆಯದು. ಅಂದು ಸಂಜೆ ವಿಧಾನಸೌಧದ ದೀಪಾಲಂಕಾರವೂ ಸಿಗುತ್ತದೆ. ಆದರೆ ಕಟ್ಟಡದೊಳಗೆ ಸುಮ್ಮನೆ ಬಿಡುವುದಿಲ್ಲ.

ಗಿಡಮರಗಳೇ ಮುಖ್ಯವೆನ್ನುವವರಿಗೆ ಲಾಲ್‌ಬಾಗ್. ಹೈದರಾಲಿ ಆರಂಭಿಸಿದ, ಈಗ 240 ಎಕರೆಯಿರುವ ಸಸ್ಯತೋಟ, ಟಿಕೆಟ್ ಉಂಟು. 1889ರ ಗಾಜಿನ ಮನೆ, ಕೆರೆ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಅದರ ಮೇಲೆ ಕೆಂಪೇಗೌಡ ಗೋಪುರ. ಬಂಡೆಗೆ ನೆರಳಿಲ್ಲ, ಬೆಳಿಗ್ಗೆ ಬೇಗ ಹತ್ತಿ. ಮಳೆ ಬಂದಾಗ ಜಾರುತ್ತದೆ. ಜನವರಿ, ಆಗಸ್ಟ್‌ಗಳ ಫಲಪುಷ್ಪ ಪ್ರದರ್ಶನಕ್ಕೆ ಕಾರು ಬೇಡ, ಹಸಿರು ಮಾರ್ಗದ ಮೆಟ್ರೋ ಹಿಡಿಯಿರಿ. ಶಾಂತವಾಗಿ ಮರ ನೋಡಬೇಕೆಂದರೆ ಆ ದಿನಗಳನ್ನೇ ಬಿಟ್ಟುಬಿಡಿ.