ಕಾರಿನ ಟಾಪ್ ಮೇಲೆ ಲಗೇಜು: ಕ್ರಾಸ್ ಬಾರ್ ಮತ್ತು ರೂಫ್ ಬ್ಯಾಗಿನ ಜೊತೆ ನಾಲ್ಕು ವರ್ಷ

ನಮ್ಮ ಮನೆಯಲ್ಲಿ ಏಳು ಜನ. ನಾನು, ಮನೆಯವರು, ಇಬ್ಬರು ಮಕ್ಕಳು, ಅತ್ತೆ, ಮಾವ, ಮತ್ತೆ ನನ್ನ ಅಮ್ಮ. ಊರು ತೀರ್ಥಹಳ್ಳಿಯ ಹತ್ತಿರ. ಬೆಂಗಳೂರಿನಿಂದ 350 ಕಿಲೋಮೀಟರಿಗೂ ಮೇಲೆ. ಬೇಸಿಗೆ ರಜೆ, ದಸರಾ, ದೀಪಾವಳಿ ಅಂತ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತೇವೆ. ಒಂದೇ ಗಾಡಿಯಲ್ಲಿ, ಎಲ್ಲರೂ ಒಟ್ಟಿಗೆ. ಅದಕ್ಕಾಗಿಯೇ ಏಳು ಸೀಟಿನ ಗಾಡಿ ತಗೊಂಡೆವು.

ಏಳು ಸೀಟು ಅಂದರೆ ಏಳು ಜನರ ಲಗೇಜೂ ಹಿಡಿಯುತ್ತೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಸಣ್ಣ ಗಾಡಿಗಳಲ್ಲಿ ಮೂರನೇ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಉಳಿಯುವ ಜಾಗ ಬಹಳ ಕಡಿಮೆ. ಮಾರುತಿ ಎರ್ಟಿಗಾದಲ್ಲಿ 209 ಲೀಟರ್. ರೆನೋ ಟ್ರೈಬರ್‌ನಲ್ಲಿ 84 ಲೀಟರ್. ಟ್ರೈಬರ್‌ನ ಮೂರನೇ ಸಾಲು ತೆಗೆದಿಟ್ಟರೆ ಅದೇ ಜಾಗ 625 ಲೀಟರ್ ಆಗುತ್ತೆ. ಆದರೆ ಆಗ ಅಜ್ಜಿ ಎಲ್ಲಿ ಕೂರಬೇಕು? ಸಿಎನ್‌ಜಿ ಗಾಡಿ ಇರುವವರ ಕಷ್ಟವೂ ಇದೇ ಥರದ್ದು. ಎಷ್ಟೋ ಗಾಡಿಗಳಲ್ಲಿ ಡಿಕ್ಕಿಯ ದೊಡ್ಡ ಪಾಲು ಸಿಲಿಂಡರಿಗೇ ಹೋಗಿರುತ್ತೆ.

ಮೊದಲ ವರ್ಷ ಕಾಲ ಬುಡದಲ್ಲಿ ಬ್ಯಾಗು, ತೊಡೆ ಮೇಲೆ ಬ್ಯಾಗು ಇಟ್ಟುಕೊಂಡು ಹೋದೆವು. ಅರಸೀಕೆರೆ ಬರುವಷ್ಟರಲ್ಲಿ ಅತ್ತೆಯವರ ಕಾಲು ಊದಿಕೊಂಡಿತ್ತು. ಅವತ್ತೇ ಟಾಪ್ ಮೇಲೆ ಏನಾದರೂ ಹಾಕಿಸಲೇಬೇಕು ಅಂತ ತೀರ್ಮಾನ ಮಾಡಿದೆವು.

ಚಿಕ್ಕವಳಿದ್ದಾಗ ಬಸ್ಸಿನ ಟಾಪ್ ಮೇಲೆ ಅಕ್ಕಿ ಮೂಟೆ, ಬಾಳೆಗೊನೆ, ಸೈಕಲ್ಲು ಏರಿಸುವುದನ್ನು ನೋಡಿ ಬೆಳೆದವಳು ನಾನು. ಮದುವೆಗೆ ಬರುತ್ತಿದ್ದ ಅಂಬಾಸಡರ್ ಕಾರುಗಳ ಮೇಲೂ ಕಬ್ಬಿಣದ ಕ್ಯಾರಿಯರ್ ಇರುತ್ತಿತ್ತು. ಹಾಗಾಗಿ ನನ್ನ ತಲೆಯಲ್ಲಿ ಇದ್ದದ್ದೂ ಅದೇ. 2021ರ ಸಂಕ್ರಾಂತಿಗೆ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಬ್ಬಿಣದ ಕ್ಯಾರಿಯರ್ ಹಾಕಿಸಿದೆವು. ನೋಡಲು ಗಟ್ಟಿಮುಟ್ಟಾಗಿತ್ತು. "ನೂರು ಕೆಜಿ ಹಾಕಿ ಮೇಡಂ, ಏನೂ ಆಗಲ್ಲ" ಅಂದರು ಅಂಗಡಿಯವರು.

ಊರಿಗೆ ಹೊರಡುವ ಹಿಂದಿನ ರಾತ್ರಿ ಮಾವ ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ಓದುತ್ತಾ ಕೂತಿದ್ದರು. ಅದರಲ್ಲಿ ರೂಫ್ ರೈಲ್ (ಟಾಪಿನ ಎರಡೂ ಅಂಚಿಗೆ ಉದ್ದಕ್ಕೆ ಇರುವ ಪಟ್ಟಿ) ಮೇಲೆ 50 ಕೆಜಿ ಅಂತ ಸ್ಪಷ್ಟವಾಗಿ ಬರೆದಿತ್ತು. ಆ 50ರಲ್ಲಿ ಕ್ಯಾರಿಯರಿನ ತೂಕವೂ ಸೇರುತ್ತೆ. ಕ್ಯಾರಿಯರ್ ಬಿಚ್ಚಿ ತೂಕ ಮಾಡಿದರೆ 19 ಕೆಜಿ. ಅಂದರೆ ಲಗೇಜಿಗೆ ಉಳಿದದ್ದು 31 ಕೆಜಿ ಮಾತ್ರ. ಎರಡು ದೊಡ್ಡ ಸೂಟ್‌ಕೇಸಿಗೇ ಮುಗಿಯಿತಲ್ವಾ?

ಈ ವಿಮರ್ಶೆಯಲ್ಲಿ ಒಂದೇ ಒಂದು ವಿಷಯ ನಿಮಗೆ ನೆನಪಿರಬೇಕು ಅಂದರೆ ಇದು ಇರಲಿ. ನಿಮ್ಮ ಗಾಡಿಯ ಪುಸ್ತಕ ತೆಗೆದು ಟಾಪ್ ಮೇಲೆ ಎಷ್ಟು ಕೆಜಿ ಅಂತ ಓದಿ. ಕ್ಯಾರಿಯರ್ ಮಾಡಿದವರು 75 ಕೆಜಿ ಅಂದಿರಬಹುದು, ಗಾಡಿಯವರು 50 ಅಂದಿರಬಹುದು. ಯಾವುದು ಕಡಿಮೆಯೋ ಅದೇ ಲೆಕ್ಕ. ಕೆಲವು ಗಾಡಿಗಳಲ್ಲಿ ಕಾಣುವ ರೈಲು ಬರೀ ಅಂದಕ್ಕೆ ಅಂಟಿಸಿದ್ದು. ಅದರ ಮೇಲೆ ಏನೂ ಕಟ್ಟಬಾರದು. ಇದನ್ನೂ ಪುಸ್ತಕವೇ ಹೇಳುತ್ತೆ.

ಇನ್ನೊಂದು ಲೆಕ್ಕ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ. ಟಾಪ್ ಮೇಲೆ ಹಾಕಿದ್ದು ಗಾಡಿಯ ಒಟ್ಟು ತೂಕಕ್ಕೂ ಸೇರುತ್ತೆ. ಜನ, ಡಿಕ್ಕಿ, ಟಾಪ್ ಎಲ್ಲಾ ಸೇರಿ ಗಾಡಿ ಹೊರುವ ಮಿತಿ ಒಂದೇ. ಟಾಪ್ ನಮಗೆ ಜಾಗ ಕೊಡುತ್ತೆ, ಗಾಡಿಗೆ ಜಾಸ್ತಿ ಶಕ್ತಿ ಕೊಡಲ್ಲ. ಏಳು ಜನ ಕೂತ ಮೇಲೆ ಮಿತಿಯೊಳಗೆ ಉಳಿಯುವುದು ಸ್ವಲ್ಪವೇ. ಹೊರಡುವ ಮುಂಚೆ ಟೈರಿಗೆ ಪೂರ್ತಿ ಲೋಡಿನ ಗಾಳಿ ಹಾಕಿಸಿ. ಸಾಮಾನ್ಯವಾಗಿ ಡ್ರೈವರ್ ಬಾಗಿಲ ಪಕ್ಕದ ಸ್ಟಿಕರಿನಲ್ಲಿ ಎಷ್ಟು ಅಂತ ಇರುತ್ತೆ.

ಕಬ್ಬಿಣದ ಕ್ಯಾರಿಯರನ್ನು ಒಂದೇ ಟ್ರಿಪ್ಪಿನ ನಂತರ ಮಾರಿಬಿಟ್ಟೆವು. ಅದೇ ವರ್ಷ ದಸರಾಕ್ಕೆ ಎರಡು ಅಲ್ಯೂಮಿನಿಯಂ ಕ್ರಾಸ್ ಬಾರ್, ಅಂದರೆ ರೈಲುಗಳ ಮೇಲೆ ಅಡ್ಡಕ್ಕೆ ಕೂರುವ ಪಟ್ಟಿ, ತಗೊಂಡೆವು. ಜೊತೆಗೆ ದಪ್ಪ ಪಿವಿಸಿ ಬಟ್ಟೆಯ ಒಂದು ರೂಫ್ ಬ್ಯಾಗು. ಬಾರ್ ಎರಡೂ ಸೇರಿ 5 ಕೆಜಿ, ಬ್ಯಾಗು 3 ಕೆಜಿ. ಈಗ ಲಗೇಜಿಗೆ 42 ಕೆಜಿ ಸಿಕ್ಕಿತು. ನಾವು 35 ದಾಟಲ್ಲ. ಬಾರು, ಬ್ಯಾಗು ಎರಡೂ ಸೇರಿ ಅವತ್ತು ಹನ್ನೊಂದು ಸಾವಿರ ರೂಪಾಯಿ ಹತ್ತಿರ ಆಯಿತು. ಇದು ಆ ಜೋಡಿಯನ್ನು ಹದಿನಾಲ್ಕು ಟ್ರಿಪ್ ಬಳಸಿದ ಮೇಲಿನ ಅನುಭವ.

ಬಾರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಯಾಕಂದರೆ ತೊಂದರೆ ಕೊಟ್ಟಿಲ್ಲ. ಅಲೆನ್ ಕೀ ಹಿಡಿದು ಹತ್ತು ನಿಮಿಷದಲ್ಲಿ ಹಾಕುತ್ತೇವೆ, ಹತ್ತು ನಿಮಿಷದಲ್ಲಿ ಬಿಚ್ಚುತ್ತೇವೆ. ಎರಡು ಬಾರಿನ ನಡುವೆ ಅಂತರ ಎಷ್ಟಿರಬೇಕು ಅಂತ ಮೊದಲ ಸಲವೇ ಅಳೆದು ರೈಲಿನ ಒಳಭಾಗಕ್ಕೆ ಸಣ್ಣ ಟೇಪ್ ಅಂಟಿಸಿದ್ದೇವೆ. ಊರಿಂದ ಬಂದ ಮೇಲೆ ಬಿಚ್ಚಿಡುವುದು ಒಳ್ಳೆಯದು. ಖಾಲಿ ಬಾರೂ ಗಾಳಿಗೆ ಶಿಳ್ಳೆ ಹೊಡೆಯುತ್ತೆ, ಪೆಟ್ರೋಲೂ ಸುಮ್ನೆ ಹೋಗುತ್ತೆ.

ಬ್ಯಾಗಿನ ವಿಷಯ ಬೇರೆ. ಅದರ ಜೊತೆ ಕಲಿತದ್ದು ಬಹಳ.

ಮೊದಲ ಟ್ರಿಪ್ಪಿನಲ್ಲೇ ಒಂದು ತಪ್ಪಾಯಿತು. ಮನೆ ಮುಂದೆ ಬಿಗಿಯಾಗಿ ಕಟ್ಟಿ ಹೊರಟಿದ್ದೆವು. ಬೀರೂರು ದಾಟಿ ತರೀಕೆರೆಯ ಹತ್ತಿರ ಮೇಲಿನಿಂದ ಪಟಪಟ ಸದ್ದು ಶುರುವಾಯಿತು. ಇಳಿದು ನೋಡಿದರೆ ಬ್ಯಾಗು ಎಡಕ್ಕೆ ಅರ್ಧ ಅಡಿ ಸರಿದಿತ್ತು. ಒಂದು ಬೆಲ್ಟ್ ಸಡಿಲವಾಗಿ ನೇತಾಡುತ್ತಿತ್ತು. ಹಿಂದೆ ಬೈಕಿನವರು ಯಾರಾದರೂ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತೆ. ಕಾರಣ ಸರಳ. ಬಟ್ಟೆ ತುಂಬಿದ ಬ್ಯಾಗು ರಸ್ತೆಯ ಕುಲುಕಾಟಕ್ಕೆ ಒಳಗೇ ಕುಸಿಯುತ್ತೆ. ಬ್ಯಾಗು ಕುಗ್ಗಿದಷ್ಟು ಬೆಲ್ಟ್ ಸಡಿಲವಾಗುತ್ತೆ. ಅವತ್ತಿನಿಂದ ನೆಲಮಂಗಲ ದಾಟಿದ ಮೇಲೆ ಒಂದು ಸಲ ನಿಲ್ಲಿಸಿ ಬಿಗಿ ಮಾಡುವುದು ನಮ್ಮ ನಿಯಮ. ಆಮೇಲೆ ತಿಪಟೂರಿನಲ್ಲಿ ತಿಂಡಿಗೆ ನಿಂತಾಗ ಇನ್ನೊಂದು ಸಲ. ಮಗಳು ಈಗ ತಾನೇ ಹೋಗಿ ನಾಲ್ಕೂ ಬೆಲ್ಟ್ ಎಳೆದು ನೋಡುತ್ತಾಳೆ.

ಬೆಲ್ಟಿನ ಬಗ್ಗೆ ಸ್ವಲ್ಪ ಹೇಳಬೇಕು. ಒತ್ತಿ ಹಿಡಿದು ಎಳೆಯುವ ಬಕಲ್ ಇರುವ ಪಾಲಿಯೆಸ್ಟರ್ ಬೆಲ್ಟ್ ಸಾಕು. ಲಾರಿಯವರು ಬಳಸುವ ಕಟಕಟ ಅನ್ನುವ ರ‍್ಯಾಚೆಟ್ ಬೆಲ್ಟ್ ಹಾಕಿದರೆ ಗೊತ್ತಿಲ್ಲದೆ ಅತಿಯಾಗಿ ಬಿಗಿದು ಬಾರೇ ಬಾಗಬಹುದು. ಬೈಕಿಗೆ ಹಾಕುವ ಕೊಕ್ಕೆಯ ಎಲಾಸ್ಟಿಕ್ ಹಗ್ಗವನ್ನು ನಂಬಿ ಏನನ್ನೂ ಕಟ್ಟಬೇಡಿ. ಬ್ರೇಕ್ ಹಾಕಿದಾಗ ಅದು ಹಿಗ್ಗುತ್ತೆ. ನೈಲಾನ್ ಹಗ್ಗ ಮಳೆಯಲ್ಲಿ ನೆನೆದರೆ ಸಡಿಲವಾಗುತ್ತೆ. ಅಡ್ಡ ಎರಡು, ಉದ್ದ ಎರಡು ಬೆಲ್ಟ್ ಇರಲಿ. ಅಡ್ಡ ಮಾತ್ರ ಕಟ್ಟಿದರೆ ಬ್ರೇಕ್ ಹಾಕಿದಾಗ ಬ್ಯಾಗು ಮುಂದಕ್ಕೆ ಜಾರುತ್ತೆ. ಬೆಲ್ಟ್ ಗಾಳಿಗೆ ಗುಂಯ್ ಅಂತ ಸದ್ದು ಮಾಡಿದರೆ ಅದನ್ನು ಒಂದು ಸುತ್ತು ತಿರುಚಿ ಕಟ್ಟಿ, ಸದ್ದು ನಿಲ್ಲುತ್ತೆ. ಮೂರನೇ ವರ್ಷಕ್ಕೆ ನಮ್ಮ ಬೆಲ್ಟುಗಳು ಬಿಸಿಲಿಗೆ ಬಿಳಚಿಕೊಂಡು ಅಂಚಿನಲ್ಲಿ ನೂಲು ಬಿಡಲು ಶುರುಮಾಡಿದವು. ನಾಲ್ಕನ್ನೂ ಬದಲಾಯಿಸಿದೆವು. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಮಳೆ. ಮಲೆನಾಡಿನ ಮಳೆಗಿಂತ ದೊಡ್ಡ ಪರೀಕ್ಷೆ ಯಾವ ಬ್ಯಾಗಿಗೆ ಬೇಕು? ಬಟ್ಟೆಯ ಮೂಲಕ ಒಂದು ಹನಿಯೂ ಒಳಗೆ ಬಂದಿಲ್ಲ. ಆದರೆ ಜಿಪ್ಪಿನ ಮೂಲಕ ಬಂದಿದೆ. ಜುಲೈ ತಿಂಗಳಲ್ಲಿ ಮಂಡಗದ್ದೆಯಿಂದ ತೀರ್ಥಹಳ್ಳಿಯವರೆಗೆ ಹಿಡಿದ ಮಳೆಗೆ ಮಾವನ ಪಂಚೆ, ಶಲ್ಯ ಎಲ್ಲಾ ಅಂಚು ನೆನೆದಿತ್ತು. ನಿಂತ ಗಾಡಿಯ ಮೇಲೆ ಬೀಳುವ ಮಳೆ ಬೇರೆ. ಓಡುವ ಗಾಡಿಗೆ ಎದುರಿನಿಂದ ರಾಚುವ ಮಳೆ ಬೇರೆ. ಈಗ ಜಿಪ್ಪಿನ ಬಾಯಿ ಹಿಂದಕ್ಕೆ ಬರುವಂತೆ ಬ್ಯಾಗು ಇಡುತ್ತೇವೆ. ಒಳಗೆ ಪ್ರತಿಯೊಬ್ಬರ ಬಟ್ಟೆಯನ್ನೂ ಒಂದೊಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತೇವೆ. ಅದಾದ ಮೇಲೆ ನೆನೆದಿಲ್ಲ. ಮಾರುವವರು ನೀರೇ ಹೋಗಲ್ಲ ಅಂದರೂ ಚೀಲ ಹಾಕಿಯೇ ಇಡಿ.

ಟಾಪ್ ಮೇಲೆ ಏನು ಹಾಕಬೇಕು ಅನ್ನುವುದೇ ಇಡೀ ವಿಷಯದ ತಿರುಳು. ಹಗುರ ಇರಬೇಕು, ಜಾಗ ತಿನ್ನುವಂಥದ್ದು ಇರಬೇಕು. ಬಟ್ಟೆ, ಬೆಡ್‌ಶೀಟು, ದಿಂಬು, ಸ್ವೆಟರು, ಮಕ್ಕಳ ಆಟದ ಸಾಮಾನು. ಭಾರದ್ದು ಕೆಳಗೆ, ಡಿಕ್ಕಿಯಲ್ಲಿ ಇಲ್ಲವೇ ಸೀಟಿನ ಬುಡದಲ್ಲಿ. ಹೋಗುವಾಗ ಇದು ಸುಲಭ. ಬರುವಾಗ ಕಷ್ಟ. ಭಾವನವರು, ಅಕ್ಕ ಸುಮ್ನೆ ಕಳಿಸುತ್ತಾರಾ? ತೆಂಗಿನಕಾಯಿ, ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಬಾಳೆಗೊನೆ, ಒಂದು ಹಲಸಿನಹಣ್ಣು. ಮೂವತ್ತು ತೆಂಗಿನಕಾಯಿ ಅಂದರೇ ಹದಿನೈದು ಕೆಜಿ ದಾಟುತ್ತೆ. ಒಂದು ಸಲ ಅವನ್ನು ಮೇಲಿನ ಬ್ಯಾಗಿಗೆ ತುಂಬಿದೆವು. ಒಟ್ಟು ತೂಕ ಮಿತಿಯೊಳಗೇ ಇತ್ತು. ಆದರೂ ತಿರುವಿನಲ್ಲಿ ಗಾಡಿ ವಾಲುವುದು ಗೊತ್ತಾಗುತ್ತಿತ್ತು. ಕಾಯಿಗಳು ಒಳಗೆ ಉರುಳಿ ಬ್ಯಾಗಿನ ಒಂದು ಮೂಲೆಗೆ ಸೇರಿಕೊಂಡಿದ್ದವು. ಈಗ ಬರುವಾಗ ಹೆಚ್ಚು ಬಟ್ಟೆ ಮೇಲಕ್ಕೆ ಹೋಗುತ್ತೆ, ತೆಂಗಿನಕಾಯಿ ಸೀಟಿನ ಬುಡಕ್ಕೆ ಬರುತ್ತೆ. ಟಾಪ್ ಮೇಲೆ ಹೋಗುವ ತಿನಿಸು ಹಪ್ಪಳ ಒಂದೇ ಆಗಿತ್ತು. ಅದೂ ಈಗ ನಿಂತಿದೆ.

ಅದಕ್ಕೆ ಕಾರಣ ಕೋತಿಗಳು. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗದಲ್ಲಿ ಹತ್ತು ನಿಮಿಷ ಇಳಿದಿದ್ದೆವು. ತಿರುಗಿ ಬರುವಷ್ಟರಲ್ಲಿ ಎರಡು ಕೋತಿ ಬ್ಯಾಗಿನ ಮೇಲೆ ಕೂತು ಜಿಪ್ಪಿನ ತುದಿ ಕೀಳುತ್ತಿದ್ದವು. ವಾಸನೆ ಸಿಕ್ಕಿತ್ತು ಅಂತ ಕಾಣುತ್ತೆ. ತಿನ್ನುವ ಯಾವ ಸಾಮಾನನ್ನೂ ಮೇಲೆ ಇಡಬೇಡಿ. ಕೋತಿ ಇರುವ ಕಡೆ ಒಬ್ಬರು ಗಾಡಿಯ ಹತ್ತಿರವೇ ಇರಿ.

ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಉಡುಪಿಗೆ ಹೋಗುವಾಗ ಅಲ್ಲೇ ಇಳಿಯುತ್ತೇವೆ. ಟಾಪ್ ಮೇಲೆ ಭಾರ ಇದ್ದಾಗ ಗಾಡಿಯ ತೂಕದ ಕೇಂದ್ರ ಮೇಲಕ್ಕೆ ಹೋಗುತ್ತೆ. ಯಾವಾಗಲೂ ಹೋಗುವ ವೇಗದಲ್ಲೇ ತಿರುಗಿಸಬಾರದು. ನಮ್ಮ ಮನೆಯವರು ಎರಡನೇ ಗೇರಿನಲ್ಲಿ ನಿಧಾನ ಇಳಿಸುತ್ತಾರೆ, ಹಿಂದಿನವರು ಹಾರ್ನ್ ಮಾಡಿದರೂ ಅವಸರ ಮಾಡಲ್ಲ.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮದು 1 ಲೀಟರ್ ಪೆಟ್ರೋಲ್ ಎಂಜಿನ್. ಬ್ಯಾಗಿಲ್ಲದೆ, ಏಳು ಜನರ ಜೊತೆ, ಹೆದ್ದಾರಿಯಲ್ಲಿ ಲೀಟರಿಗೆ 17 ಕಿಲೋಮೀಟರ್ ಬರುತ್ತಿತ್ತು. ಬ್ಯಾಗು ಹಾಕಿ 80ರಲ್ಲಿ ಹೋದರೆ 15. ಒಂದು ಸಲ ತುಮಕೂರಿನವರೆಗೆ 100ರಲ್ಲಿ ಹೋದಾಗ 13ಕ್ಕೆ ಇಳಿದಿತ್ತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗೂ ಜಾಸ್ತಿ. ಹಾಗಾಗಿ 80 ದಾಟಲ್ಲ. ಅರ್ಧಗಂಟೆ ತಡವಾಗುತ್ತೆ, ಅಷ್ಟೇ.

ಎತ್ತರ ಇನ್ನೊಂದು ವಿಷಯ. ಬ್ಯಾಗು ಸೇರಿ ನಮ್ಮ ಗಾಡಿ 2.15 ಮೀಟರ್ ಆಗುತ್ತೆ. ಉಡುಪಿಯ ಒಂದು ವಸತಿಗೃಹದ ನೆಲಮಾಳಿಗೆ ಪಾರ್ಕಿಂಗಿಗೆ ಇಳಿಯಲು ಹೊರಟಾಗ ಮಾವ "ತಡಿ, ತಡಿ" ಅಂತ ಕೂಗಿ ನಿಲ್ಲಿಸಿದರು. ಮೇಲೆ 2.1 ಮೀಟರ್ ಅಂತ ಬೋರ್ಡಿತ್ತು. ಎಷ್ಟೋ ವರ್ಷದಿಂದ ಕಣ್ಣಿಗೆ ಬೀಳದ ಬೋರ್ಡುಗಳು ಅವು. ಈಗ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದ್ದೇವೆ. ಮರದ ಕೊಂಬೆಗಳ ಮೇಲೂ ಕಣ್ಣಿರಲಿ.

ಬ್ಯಾಗಿನ ದೊಡ್ಡ ಕೊರತೆ ಅಂದರೆ ಭದ್ರತೆ. ಒಂದು ಬ್ಲೇಡ್ ಸಾಕು. ರಾತ್ರಿ ಎಲ್ಲೇ ಉಳಿದರೂ ಬಿಚ್ಚಿ ಒಳಗೆ ತರಬೇಕು, ಬೆಳಗ್ಗೆ ಮತ್ತೆ ಕಟ್ಟಬೇಕು. ದಿನಕ್ಕೊಂದು ಊರು ಸುತ್ತುವ ಪ್ರವಾಸದಲ್ಲಿ ಇದು ಬೇಸರ ತರಿಸುತ್ತೆ. ಬೀಗ ಹಾಕುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಈ ವಿಷಯದಲ್ಲಿ ಉತ್ತಮ, ಗಾಳಿಯನ್ನೂ ಚೆನ್ನಾಗಿ ಸೀಳುತ್ತೆ. ಆದರೆ ಪೆಟ್ಟಿಗೆಯೇ ಹದಿನೈದು ಕೆಜಿ ಇದ್ದರೆ 50ರ ಮಿತಿಯಲ್ಲಿ ಏನು ಉಳಿಯುತ್ತೆ? ಫ್ಲ್ಯಾಟಿನಲ್ಲಿ ಅದನ್ನು ಇಡುವುದಾದರೂ ಎಲ್ಲಿ? ನಮ್ಮ ಬ್ಯಾಗು ಮಡಚಿ ಮಂಚದ ಕೆಳಗೆ ಹೋಗುತ್ತೆ. ಟಾಪ್ ಮಿತಿ 75 ಇರುವ ದೊಡ್ಡ ಗಾಡಿ, ಇಡಲು ಜಾಗ ಎರಡೂ ಇರುವವರು ಪೆಟ್ಟಿಗೆಯನ್ನೇ ನೋಡಿ.

ಹಿಂದಿನ ಬಾಗಿಲಿಗೆ ನೇತುಹಾಕುವ ಕ್ಯಾರಿಯರ್ ಬಗ್ಗೆ ಭಾವನವರು ಕೇಳಿದ್ದರು. ನಾನು ಬೇಡ ಅಂದೆ. ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚುತ್ತೆ. ಜೊತೆಗೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ ಹೇರಿದ ಸಾಮಾನು ಗಾಡಿಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದರೆ ಅಥವಾ ಮಿತಿ ಮೀರಿದ ಎತ್ತರಕ್ಕೆ ಹೋದರೆ 20,000 ರೂಪಾಯಿ ದಂಡ. ಟಾಪ್ ಮೇಲೆ ಕಟ್ಟುವಾಗಲೂ ಬ್ಯಾಗು ಯಾವ ಕಡೆಯೂ ಹೊರಗೆ ಚಾಚದ ಹಾಗೆ ನೋಡಿಕೊಳ್ಳಿ.

ಬ್ಯಾಗಿನ ಅಡಿಗೆ ಹಾಸುವ ರಬ್ಬರ್ ಮ್ಯಾಟ್ ಕೂಡ ತಗೊಂಡಿದ್ದೆವು. ಹಾಸುವ ಮುಂಚೆ ಟಾಪ್ ಒರೆಸಬೇಕು ಅಂತ ಗೊತ್ತಾದದ್ದು ತಡವಾಗಿ. ಮಣ್ಣಿನ ಮೇಲೆ ಮ್ಯಾಟ್ ಹಾಸಿದರೆ ಅದು ಉಜ್ಜುಗಾಗದದ ಹಾಗೆ ಕೆಲಸ ಮಾಡುತ್ತೆ. ಅಂಗೈ ಅಗಲದ ಒಂದು ಗೀರು ಇನ್ನೂ ಹಾಗೇ ಇದೆ.

ಇಷ್ಟೆಲ್ಲಾ ಇದ್ದರೂ ಮತ್ತೆ ತಗೊಳ್ಳುತ್ತೀರಾ ಅಂದರೆ, ಖಂಡಿತ ತಗೊಳ್ಳುತ್ತೇನೆ. ಬಾರಿಗೆ ಐದಕ್ಕೆ ಐದು, ಬ್ಯಾಗಿಗೆ ಮೂರೂವರೆ. ಈಗ ಅತ್ತೆ ಕಾಲು ಚಾಚಿಕೊಂಡು ಕೂರುತ್ತಾರೆ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗ ಅಂತ್ಯಾಕ್ಷರಿ ಆಡುತ್ತಾ ಬರುತ್ತಾರೆ. ಎರಡು ಗಾಡಿ ಮಾಡಿಕೊಂಡೋ, ಇಬ್ಬರನ್ನು ರಾತ್ರಿ ಬಸ್ಸಿಗೆ ಹತ್ತಿಸಿಯೋ ಹೋಗಬೇಕಾಗಿಲ್ಲ.

ಕೋತಿ ಕಿತ್ತಿದ್ದ ಜಿಪ್ಪಿನ ತುದಿಯನ್ನು ನಮ್ಮ ರಸ್ತೆಯ ಕೊನೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ದಾರದಲ್ಲಿ ಹೊಲಿಸಿದೆ. ಅರವತ್ತು ರೂಪಾಯಿ ತಗೊಂಡರು, ಕಂಪನಿ ಹೊಲಿಗೆಗಿಂತ ಗಟ್ಟಿಯಾಗಿದೆ. ಈ ದೀಪಾವಳಿಗೂ ಅದೇ ಬ್ಯಾಗು.