ಮಂಜುಗಡ್ಡೆಯ ಮೇಲಿನ ಡೇರೆಗೆ ಎಲ್‌ಇಡಿ ಪಟ್ಟಿ: ಮೂರು ಚಳಿಗಾಲಗಳ ಬಳಕೆಯ ನಂತರ

ಐದು ಮೀಟರ್ ಉದ್ದದ ಈ ಎಲ್‌ಇಡಿ ಪಟ್ಟಿಯನ್ನು ನಾನು ಕೊಂಡದ್ದು ಅದರ ಪ್ರಖರತೆಗೆ ಮರುಳಾಗಿ. ಮೂರು ಚಳಿಗಾಲ ಕಳೆದ ಮೇಲೆ ಅದರಲ್ಲಿ ಅರ್ಧವನ್ನು ಕತ್ತರಿಸಿ ಎತ್ತಿಟ್ಟಿದ್ದೇನೆ. ಬಳಸುತ್ತಿರುವ ಅರ್ಧವನ್ನೂ ಕಾಲುಭಾಗ ಬೆಳಕಿಗಿಂತ ಮೇಲೆ ಏರಿಸುವುದು ಅಪರೂಪ. ಹಾಗಿದ್ದರೂ ಮಡಚುವ ಡೇರೆಯೊಳಗೆ ಕುಳಿತು ಮಂಜುಗಡ್ಡೆಯ ತೂತಿಗೆ ಗಾಳ ಇಳಿಬಿಡುವ ಯಾರು ಕೇಳಿದರೂ ಇದನ್ನೇ ಕೊಳ್ಳಿ ಎನ್ನುತ್ತೇನೆ.

ಇದಕ್ಕೆ ಮೊದಲು ನನ್ನಲ್ಲಿದ್ದದ್ದು ಗ್ಯಾಸ್ ದೀಪ. ಬುಸುಗುಡುತ್ತಾ ಉರಿಯುತ್ತಿತ್ತು, ಬೆಚ್ಚಗೂ ಇಡುತ್ತಿತ್ತು. ಆ ಬೆಚ್ಚನೆಯ ನೆನಪು ಈಗಲೂ ಕಾಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಗ್ಯಾಸ್ ಉರಿದಷ್ಟೂ ನೀರಾವಿ ಹುಟ್ಟುತ್ತದೆ. ಅದು ಡೇರೆಯ ಮಾಡಿಗೆ ತಾಗಿ ಹನಿಗಟ್ಟಿ ಸರಿಯಾಗಿ ಕುತ್ತಿಗೆಯ ಮೇಲೇ ಬೀಳುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ತೊಟ್ಟಿಕ್ಕುವಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ. ಕಾಯಿಸಲು ಪ್ರೊಪೇನ್ ಗ್ಯಾಸಿನ ಹೀಟರ್ ಇದ್ದೇ ಇದೆಯಲ್ಲ. ದೀಪ ಬದಲಾಯಿತೆಂದು ಗಾಳಿಕಿಂಡಿ ಮುಚ್ಚುವ ಉತ್ಸಾಹ ಮಾತ್ರ ಬೇಡ. ಹೀಟರ್ ಉರಿಯುತ್ತಿರುವಷ್ಟು ಹೊತ್ತೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಭಯವೂ ಉಂಟು, ಅದರ ಅಲಾರಂ ನನ್ನ ತಲೆಯ ಮಟ್ಟದಲ್ಲೇ ನೇತಾಡುತ್ತಿರುತ್ತದೆ.

ಪಟ್ಟಿಯ ಬೆನ್ನಿಗಿರುವ ಅಂಟು ಈ ಕೆಲಸಕ್ಕೆ ಪ್ರಯೋಜನವಿಲ್ಲ. ಚಳಿಗೆ ಬಿರುಸಾದ ಬಟ್ಟೆಗೆ ಅದು ಹಿಡಿಯುವುದೇ ಇಲ್ಲ. ಮೊದಲ ರಾತ್ರಿಯೇ ಪಟ್ಟಿ ಕಳಚಿ ಅದರ ತುದಿ ನೇರವಾಗಿ ತೂತಿನೊಳಗೆ ಇಳಿಯಿತು. ನೀರಿನಡಿಯಲ್ಲೂ ಅದು ಉರಿಯುತ್ತಲೇ ಇದ್ದುದನ್ನು ನೋಡಿ ಒಂದು ಕ್ಷಣ ಮೆಚ್ಚಿಕೊಂಡೆ. ಆದರೆ ಪಟ್ಟಿಯ ನೀರುತಡೆಯ ದರ್ಜೆಯಾದ ಐಪಿ65 ಎಂದರೆ ಎರಚುವ ನೀರನ್ನು ತಡೆಯಬಲ್ಲದು ಎಂದಷ್ಟೇ ಅರ್ಥ, ಮುಳುಗಿಸಬಹುದು ಎಂದಲ್ಲ. ತುದಿಯ ತಾಮ್ರ ಮುಂದಿನ ವಾರವೇ ಹಸಿರುಗಟ್ಟಿತ್ತು. ಈಗ ಡೇರೆಯ ಫೈಬರ್ ಕಡ್ಡಿಗಳಿಗೆ ವೆಲ್ಕ್ರೋ ಪಟ್ಟಿ ಸುತ್ತಿ ಕಟ್ಟುತ್ತೇನೆ, ಕತ್ತರಿಸಿದ ತುದಿಗಳಿಗೆ ಸಿಲಿಕೋನ್ ಮೆತ್ತಿದ್ದೇನೆ. ಹೊದಿಕೆ ಸಿಲಿಕೋನಿನದಾಗಿದ್ದರಿಂದ ಮೈನಸ್ 20 ಡಿಗ್ರಿಯಲ್ಲೂ ಬಾಗುತ್ತದೆ. ಬ್ಯಾಟರಿಯಿಂದ ಬರುವ ಪಿವಿಸಿ ತಂತಿಯೋ ಕೋಲಿನಂತೆ ಸೆಟೆದು ನಿಲ್ಲುತ್ತದೆ.

ನಿಜವಾದ ಪಾಠವೆಲ್ಲ ಬ್ಯಾಟರಿಯದು. ಈ ಪಟ್ಟಿ ಮೀಟರಿಗೆ 4.8 ವಾಟ್ ಎಳೆಯುತ್ತದೆ. ಐದು ಮೀಟರಿಗೆ 24 ವಾಟ್, ಅಂದರೆ 12 ವೋಲ್ಟಿನಲ್ಲಿ 2 ಆಂಪಿಯರ್. ನನ್ನ ಹಳೆಯ 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಕಾಗದದ ಮೇಲೆ ಮೂರೂವರೆ ಗಂಟೆ ಬರಬೇಕು. ಸೀಸದ ಬ್ಯಾಟರಿಯ ಶಕ್ತಿ ಕೊರೆಯುವ ಚಳಿಯಲ್ಲಿ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ ಎಂಬುದು ನನಗೆ ಎರಡು ಗಂಟೆಯೊಳಗೇ ತಿಳಿಯಿತು. ಈ ಪಟ್ಟಿಗಳಲ್ಲಿ ಮೂರು ಮೂರು ದೀಪಗಳು, ವಿದ್ಯುತ್ ಹರಿವಿಗೆ ಮಿತಿ ಹಾಕುವ ಒಂದು ರೋಧಕದೊಂದಿಗೆ (ರೆಸಿಸ್ಟರ್) ಸರಣಿಯಲ್ಲಿರುತ್ತವೆ. ಮೂರೂ ಸೇರಿ ಸುಮಾರು 9 ವೋಲ್ಟ್ ತೆಗೆದುಕೊಂಡರೆ ಮಿಕ್ಕದ್ದು ರೋಧಕದ ಪಾಲು. ಬ್ಯಾಟರಿ ಇಳಿಯುತ್ತಾ ಬಂದಂತೆ ಆ ಮಿಕ್ಕದ್ದು ಕರಗಿ ಬೆಳಕು ಮಂಕಾಗುತ್ತದೆ. ಕತ್ತರಿಸುವುದಿದ್ದರೂ ಅಷ್ಟೇ, ಮೂರು ದೀಪಕ್ಕೊಂದರಂತೆ ಇರುವ ಗುರುತಿನಲ್ಲೇ ಕತ್ತರಿಸಬೇಕು.

ಎರಡನೆಯ ವರ್ಷ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ಅರ್ಧಕ್ಕಿಂತ ಕಡಿಮೆ ತೂಕ, ಕೊನೆಯವರೆಗೂ ಒಂದೇ ಬೆಳಕು. ಸೀಸದ ಬ್ಯಾಟರಿ ಹೊರಡುವ ಮುನ್ನ ನಾಲ್ಕು ಸಲ ಕೆಮ್ಮುವ ಹಿರಿಯರಂತೆ. ಇದು ಹೇಳದೆ ಕೇಳದೆ ಎದ್ದು ಹೋಗುತ್ತದೆ. ಒಮ್ಮೆ ಮೀನು ಗಾಳದಲ್ಲಿರುವಾಗಲೇ ಕತ್ತಲಾಯಿತು. ತಲೆಗೆ ಕಟ್ಟುವ ಟಾರ್ಚ್ ಅಂದಿನಿಂದ ಜೇಬಿನಲ್ಲೇ ಇದೆ. ಇನ್ನೊಂದು ಎಚ್ಚರ: ಈ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗೆ ಲೋಹದ ಲಿಥಿಯಂ ಪದರಗಟ್ಟಿ ಶಾಶ್ವತವಾಗಿ ಕೆಡುತ್ತದೆ. ಮನೆಗೆ ತಂದ ತಕ್ಷಣ ಚಾರ್ಜರಿಗೆ ಸಿಕ್ಕಿಸದೆ ಒಳಗೆ ಬೆಚ್ಚಗಾಗುವವರೆಗೆ ಕಾಯುತ್ತೇನೆ. ಯಾವ ಬ್ಯಾಟರಿಯಾದರೂ ಅದರ ಧನ ತುದಿಯ ಹತ್ತಿರವೇ ಒಂದು ಫ್ಯೂಸ್ ಇರಲಿ. ನನ್ನದು 3 ಆಂಪಿಯರಿನದು.

ಜೊತೆಗೆ ಬಂದ ಡಿಮ್ಮರ್ ನನ್ನನ್ನು ಚೆನ್ನಾಗಿ ಮೂರ್ಖನನ್ನಾಗಿಸಿತು. ಬೆಳಕು ತಗ್ಗಿಸಿದ ಸಂಜೆ, ನೀರಿನೊಳಗಿನ ಮೀನನ್ನು ತೋರಿಸುವ ಸೋನಾರ್ ಪರದೆಯ ತುಂಬ ಗೆರೆಗಳು. ದೊಡ್ಡ ಹಿಂಡೇ ಬಂದಿದೆ ಎಂದು ಒಂದು ಗಂಟೆ ಎರೆ ಬದಲಾಯಿಸುತ್ತಾ, ಗಾಳ ಕುಣಿಸುತ್ತಾ ಕುಳಿತೆ. ಕೊನೆಗೆ ಬೇಸತ್ತು ದೀಪ ಆರಿಸಿದರೆ ಹಿಂಡೂ ಮಾಯ! ಡಿಮ್ಮರ್ ಬೆಳಕನ್ನು ತಗ್ಗಿಸುವುದು ವಿದ್ಯುತ್ತನ್ನು ಅತಿವೇಗವಾಗಿ ಕಡಿದು ಜೋಡಿಸುವ ಮೂಲಕ. ಆ ಗದ್ದಲ ಒಂದೇ ಬ್ಯಾಟರಿಯಲ್ಲಿದ್ದ ಸೋನಾರ್‌ಗೂ ಹರಿದಿತ್ತು. ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಮಾಡಿದ ಮೇಲೆ ಪರದೆ ತಿಳಿಯಾಯಿತು. ಹಳೆಯ ಸೀಸದ್ದು ಈಗ ಸೋನಾರ್‌ನ ಪಾಲಿಗೆ.

ಜಾಗದ ವಿಷಯದಲ್ಲೂ ಬಹಳ ತಡಕಾಡಿದ್ದೇನೆ. ನೆತ್ತಿಯ ಮೇಲೆ ಕಟ್ಟಿದರೆ ಬೆಳಕು ನೇರ ತೂತಿಗೆ ಬಿದ್ದು ನೀರು ಕನ್ನಡಿಯಂತೆ ಹೊಳೆಯುತ್ತದೆ, ಒಳಗೇನೂ ಕಾಣಿಸುವುದಿಲ್ಲ. ಬೆನ್ನ ಹಿಂದೆ ಕಟ್ಟಿದರೆ ದಾರದ ಗಂಟಿನ ಮೇಲೆ ನನ್ನದೇ ನೆರಳು. ಎಡಗಡೆಯ ಮೂಲೆಯಲ್ಲಿ ಭುಜಕ್ಕಿಂತ ತುಸು ಮೇಲೆ ಕಟ್ಟಿದ್ದು ನನಗೆ ಒಗ್ಗಿತು. ಎಡಗೈಯಲ್ಲಿ ಗಂಟು ಹಾಕುವವರಿಗೆ ಬಲ ಮೂಲೆ. ಅಲ್ಲಿಂದ ಎರಡೂವರೆ ಮೀಟರಿನ ಕಾಲುಭಾಗ ಬೆಳಕು, ಅಂದರೆ ಬರೀ 3 ವಾಟ್, ಮರಗಟ್ಟಿದ ಬೆರಳುಗಳಿಗೂ ಸಾಕು. ಬಿಳಿನೀಲಿ ಬೆಳಕಿನ ಬದಲು ಹಳದಿ ಛಾಯೆಯದನ್ನು ಕೊಂಡಿದ್ದರೆ ಕಣ್ಣಿಗೆ ಹಿತವಾಗಿರುತ್ತಿತ್ತು ಎಂಬುದೊಂದೇ ಕೊರಗು.

ಡೇರೆಯ ಕಪ್ಪು ಬಟ್ಟೆ ಒಳಗಿನ ಬೆಳಕನ್ನು ಒಂದಿಷ್ಟೂ ಹೊರಬಿಡುವುದಿಲ್ಲ ಎಂಬುದು ಹೊಳೆದದ್ದು, ಕಟ್ಟಿಗೆಯಂತೆ ಸೆಟೆದ ಕಾಲುಗಳನ್ನು ಸಡಿಲಿಸಲೆಂದು ಸ್ವಲ್ಪ ದೂರ ನಡೆದು ತಿರುಗಿ ನೋಡಿದಾಗ. ಡೇರೆಯೇ ಕಾಣಲಿಲ್ಲ. ಹಿಮದ ಮೇಲೆ ವಾಹನ ಓಡಿಸುವವನಿಗೂ ಅದು ಹಾಗೆಯೇ ತಾನೆ? ಎತ್ತಿಟ್ಟಿದ್ದ ಅರ್ಧದಿಂದ ಒಂಬತ್ತು ದೀಪಗಳ ತುಂಡೊಂದನ್ನು ಕತ್ತರಿಸಿ ಡೇರೆಯ ಹೊರನೆತ್ತಿಗೆ ಕಟ್ಟಿದೆ. ಡಿಮ್ಮರ್ ಇಲ್ಲದೆ ಪೂರ್ತಿ ಬೆಳಕಿನಲ್ಲಿ ಉರಿಯುವುದು ಅದೊಂದೇ.