ಬ್ಯಾಟರಿ ಇಲ್ಲದ ಫ್ಯೂಜಿ ಜಿಡಬ್ಲ್ಯೂ690-3: ಕೆಲವು ವರ್ಷ ಬಳಸಿದ ಮೇಲೆ

ಮೀಡಿಯಂ ಫಾರ್ಮ್ಯಾಟ್ (35 ಎಂಎಂಗಿಂತ ದೊಡ್ಡ ಫಿಲ್ಮಿನ) ರೇಂಜ್‌ಫೈಂಡರ್, ಅಂದರೆ ಎರಡು ಬಿಂಬ ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ, ತಗೋಬೇಕು ಅಂದರೆ ಎಲ್ಲರೂ ಮೊದಲು ಹೇಳುವುದು ಮಮಿಯಾ 7. ಒಳ್ಳೆ ಕ್ಯಾಮೆರಾನೇ, ಲೆನ್ಸ್ ಬದಲಾಯಿಸಬಹುದು, ಒಳಗೇ ಬೆಳಕು ಅಳೆಯುವ ಮೀಟರ್ ಇದೆ. ಆದರೆ ಅದರ ಶಟರ್ ನಡೆಯುವುದು ಬ್ಯಾಟರಿಯಿಂದ. ಸರ್ಕ್ಯೂಟ್ ಕೈಕೊಟ್ಟರೆ ಯಾರ ಹತ್ತಿರ ಹೋಗುವುದು? ಅದೊಂದೇ ಕಾರಣಕ್ಕೆ ನಾನು ಫ್ಯೂಜಿ ಕಡೆ ಬಂದೆ.

ಇದರಲ್ಲಿ ಬ್ಯಾಟರಿಯೂ ಇಲ್ಲ, ಮೀಟರೂ ಇಲ್ಲ. ಬೆಳಕು ಅಳೆಯಲು ಫೋನಿನ ಆ್ಯಪ್ ಸಾಕಾಗುತ್ತದೆ. 90 ಎಂಎಂ ಎಫ್/3.5 ಲೆನ್ಸ್ ಬಿಚ್ಚಲು ಬರುವುದಿಲ್ಲ. ಇನ್ನೂ ಅಗಲ ಬೇಕಾದರೆ 65 ಎಂಎಂ ಇರುವ ಜಿಎಸ್‌ಡಬ್ಲ್ಯೂ690 ಅಂತ ಬೇರೆ ಕ್ಯಾಮೆರಾನೇ ಕೊಳ್ಳಬೇಕು. ತೂಕ ಒಂದೂವರೆ ಕಿಲೋ. ಲೈಕಾದಂಥ ಮಾಮೂಲಿ 35 ಎಂಎಂ ರೇಂಜ್‌ಫೈಂಡರನ್ನು ಊದಿಸಿದ ಹಾಗಿದೆ, ‘ಟೆಕ್ಸಾಸ್ ಲೈಕಾ’ ಅನ್ನೋ ಅಡ್ಡಹೆಸರು ಸುಮ್ನೆ ಬಂದಿಲ್ಲ.

120 ಅನ್ನೋ ಅಗಲ ಫಿಲ್ಮ್ ರೋಲಿಗೆ ಎಂಟೇ ಚಿತ್ರ. ಈಗಿನ ಫಿಲ್ಮ್ ಬೆಲೆಗೆ ಇದು ಹೊಟ್ಟೆ ಉರಿಸುತ್ತದೆ, ನಿಜ. ಆದರೆ 6×9 ಸೆಂ.ಮೀ. ನೆಗೆಟಿವ್ ಅಂದರೆ 35 ಎಂಎಂಗಿಂತ ಐದು ಪಟ್ಟು ಜಾಸ್ತಿ ಜಾಗ. ಮೇಲುಕೋಟೆ ಕಲ್ಯಾಣಿಯನ್ನು ಎದುರು ದಡದಿಂದ ತೆಗೆದ ಒಂದು ನೆಗೆಟಿವ್ ನನ್ನ ಹತ್ತಿರ ಇದೆ. ಭೂತಗನ್ನಡಿ ಹಿಡಿದು ನೋಡಿದರೆ ಮಂಟಪದ ಕಂಬಗಳ ನಡುವೆ ಯಾರೋ ಒಣಗಲು ಹಾಕಿದ ಪಂಚೆ, ಅದರ ಅಂಚು ಕೂಡ ಕಾಣುತ್ತದೆ, ತೆಗೆಯುವಾಗ ಅಲ್ಲಿ ಪಂಚೆ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ಈಗ ತಕರಾರು. ಲೆನ್ಸಿನ ಹುಡ್ (ಅಡ್ಡ ಬೆಳಕು ತಡೆಯುವ ಕೊಳವೆ) ಹಿಂದಕ್ಕೆ ತಳ್ಳಿದರೆ ಅಪರ್ಚರ್, ಶಟರ್ ಬಳೆಗಳೇ ಮುಚ್ಚಿಹೋಗುತ್ತವೆ. ಪ್ರತಿ ಸಲ ಎಳೆಯಬೇಕು, ಇದನ್ನು ಯಾರು ಯೋಚಿಸಿ ಮಾಡಿದರೋ! ಇನ್ನು, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿಡುವ ಬಿ ಅನ್ನುವ ಗುರುತೇ ಇಲ್ಲ, ಒಮ್ಮೆ ಒತ್ತಿದರೆ ತೆರೆದೇ ಇರುವ ಟಿ ಮಾತ್ರ ಇದೆ. ಒಮ್ಮೆ ತೆರೆದ ಶಟರ್ ಮುಚ್ಚಬೇಕಾದರೆ ಬಳೆ ತಿರುಗಿಸಬೇಕು ಇಲ್ಲವೇ ಫಿಲ್ಮ್ ಮುಂದಕ್ಕೆ ಸುತ್ತಬೇಕು, ಎರಡರಲ್ಲೂ ಕ್ಯಾಮೆರಾ ಅಲುಗುತ್ತದೆ. ಅದಕ್ಕೇ ನಾನು ಮೊದಲು ಲೆನ್ಸಿಗೆ ಕಪ್ಪು ಟೋಪಿ ಅಡ್ಡ ಹಿಡಿದು ಆಮೇಲೆ ಬಳೆ ಮುಟ್ಟುತ್ತೇನೆ. ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಲೆನ್ಸಿನೊಳಗಿನ ಲೀಫ್ ಶಟರ್ ಮೆತ್ತಗೆ ಬಡಿದರೂ ತೆಗೆದ ಚಿತ್ರಗಳನ್ನು ಎಣಿಸುವ ಒಳಗಿನ ಯಂತ್ರ ಟಕ್ ಅಂತ ಸದ್ದು ಮಾಡುತ್ತದೆ, ಮದುವೆ ಮಂಟಪದಲ್ಲಿ ಪರವಾಗಿಲ್ಲ, ಸಂಗೀತ ಕಚೇರಿಗೆ ಬೇಡ. ಓಡಾಡುವ ಮಕ್ಕಳ ಹಿಂದೆ ಬೀಳುವವರು ಆಟೋಫೋಕಸ್ ಇರುವ, ರೋಲಿಗೆ 16 ಚಿತ್ರ ಕೊಡುವ ಫ್ಯೂಜಿಯದೇ ಜಿಎ645 ನೋಡಬಹುದು. ಅದರಲ್ಲೂ ಎಲೆಕ್ಟ್ರಾನಿಕ್ಸೇ, ಆದರೆ ಅವರಿಗೆ ಬೇರೆ ದಾರಿ ಇಲ್ಲ ಅಲ್ವಾ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ತಳಭಾಗದ ಎಣಿಕೆ ನೋಡಿ. ಹತ್ತು ಚಿತ್ರಕ್ಕೊಮ್ಮೆ ಒಂದು ಅಂಕಿ ಮುಂದೆ ಹೋಗುತ್ತದೆ, ಅಂದರೆ 100 ಅಂತಿದ್ದರೆ ಸಾವಿರ ಚಿತ್ರ. 999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ ಕಡಿಮೆ ಅಂಕಿ ಕಂಡ ತಕ್ಷಣ ಖುಷಿಪಡಬೇಡಿ, ಮೈಮೇಲಿನ ಸವೆತವನ್ನೂ ನೋಡಿ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಗೊಡಿ, ಎಳೆದ ಹಾಗೆ ಕೇಳಿಸಿದರೆ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ದೂರದ ವಿದ್ಯುತ್ ಕಂಬಕ್ಕೆ ಫೋಕಸ್ ಮಾಡಿ, ಎರಡು ಬಿಂಬ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕಣ್ಣಿಟ್ಟು ನೋಡುವ ಫೈಂಡರಿನ ನಡುವೆ ಆ ಬಿಂಬಗಳು ಕಾಣುವ ಹಳದಿ ಚೌಕ ಮಸುಕಾಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.